ಅವಲಪಲ್ಲಿಯಲ್ಲಿ ಸಿಯೆಸ್ತಾ

ಹೊಸೂರಿನಲ್ಲಿ ಈಗ ಎಲ್ಲ ಸೌಕರ್ಯವೂ ಇದೆ. ಗಂಡ ಹೆಂಡತಿ ನೆಂಟರ ಎದುರಿಗೆ ಗುಟ್ಟಾಗಿ ಮಾತಾಡಿಕೊಳ್ಳಲು ಒಂದು ಭಾಷೆ ಮಾತ್ರ ಇಲ್ಲ.

ಬೇರೆ ಊರಿನವರಿಗೆ ಈ ಸಂಕಟ ಅರ್ಥವಾಗುವುದಿಲ್ಲ. ಒಮ್ಮೆ ಬೆಂಗಳೂರಿನಲ್ಲಿ ಪರಿಚಯದವರೊಬ್ಬರ ಮನೆಗೆ ಹೋಗಿದ್ದೆವು. ಸರಿಯಾಗಿ ಊಟದ ಹೊತ್ತು. ಯಜಮಾನರು ಹೆಂಡತಿಯ ಕಡೆ ತಿರುಗಿ ನಗುನಗುತ್ತಲೇ ತುಳುವಿನಲ್ಲಿ ಏನೋ ಅಂದರು, ಆಕೆಯೂ ನಗುನಗುತ್ತಲೇ ಏನೋ ಅಂದರು, ನಮಗೆ ಕಾಫಿ ಬಂತು. ಊಟ ಬರಲಿಲ್ಲ. ಒಳಗೆ ಏನು ತೀರ್ಮಾನವಾಯಿತೆಂದು ನಮಗೆ ತಿಳಿಯಲಿಲ್ಲ, ಅವರ ಮರ್ಯಾದೆಗೂ ಕುಂದು ಬರಲಿಲ್ಲ. ಎಂಥ ಸುಸಂಸ್ಕೃತ ವ್ಯವಸ್ಥೆ ಎಂದು ಬಸ್ಸಿನಲ್ಲಿ ಅತ್ತಿಬೆಲೆ ದಾಟುವವರೆಗೂ ಯೋಚಿಸುತ್ತ ಬಂದೆ. (ಹೊಟ್ಟೆ ಹಸಿದಾಗ ನನಗೆ ಯೋಚನೆಗಳು ಚೆನ್ನಾಗಿ ಬರುತ್ತವೆ.)

ತಮಿಳುನಾಡಿನ ಗಡಿಯಲ್ಲಿರುವ ನಮ್ಮ ಕಡೆ ಅದಕ್ಕೆ ದಾರಿಯೇ ಇಲ್ಲ. ಮನೆಯಲ್ಲಿ ಕನ್ನಡ, ಪಕ್ಕದ ಮನೆಯಲ್ಲಿ ತೆಲುಗು, ಸ್ಕೂಲಿನಲ್ಲಿ, ಆಫೀಸಿನಲ್ಲಿ ತಮಿಳು. ಒಂದು ಭಾಷೆಯಲ್ಲಿ ಶುರುವಾದ ಮಾತು ಎರಡನೆಯದರಲ್ಲಿ ಹೊರಳಿ ಮೂರನೆಯದರಲ್ಲಿ ಮುಗಿಯುತ್ತದೆ, ಮಾತಾಡಿದವರಿಗೇ ಅದರ ಪರಿವೆ ಇರುವುದಿಲ್ಲ. ಒಂದು ಸಲ ಬಂದ ನೆಂಟರೆದುರು ನನ್ನ ಹೆಂಡತಿ ಸುಗುಣಾಳಿಗೆ, ಇವರಿಗೆ ಹಳೇ ಡಬ್ಬಿಯ ಚಕ್ಕುಲಿಯೇ ಸಾಕು ಎಂದು ತೆಲುಗಿನಲ್ಲಿ ಹೇಳಿದೆ. ನೆಂಟರು ತೆಲುಗಿನಲ್ಲಿಯೇ, ಪರವಾಗಿಲ್ಲ, ನಮ್ಮ ಹಲ್ಲು ಗಟ್ಟಿಯಾಗಿವೆ ಎಂದರು. ತಮಿಳನ್ನು ಪ್ರಯತ್ನಿಸಿದ್ದಕ್ಕೆ ಆದದ್ದನ್ನು ಇಲ್ಲಿ ಹೇಳುವಂತಿಲ್ಲ, ಆ ಮನೆಯವರು ಈಗಲೂ ನಮ್ಮ ಜೊತೆ ಮಾತು ಬಿಟ್ಟಿದ್ದಾರೆ. ಇಂಗ್ಲಿಷನ್ನಾದರೂ ನಂಬೋಣವೆಂದರೆ, ಕಾರ್ಖಾನೆಗಳು ಬಂದ ಮೇಲೆ ಅದೂ ಮನೆಮನೆಯ ಮಾತಾಯಿತು. ಹಿಂದಿಯನ್ನು ಕಟ್ಟಡ ಕೆಲಸಕ್ಕೆ ಬಂದವರು ತಂದು ಸಂತೆಯಲ್ಲಿ ಹಂಚಿಬಿಟ್ಟರು. ಹೀಗೆ ಭಾಷೆಗಳ ನಡುವೆ ಕೈಕಾಲು ಕಟ್ಟಿಸಿಕೊಂಡು, ಬಂದವರಿಗೆಲ್ಲ ಹೊಸ ಚಕ್ಕುಲಿ ಕೊಡುತ್ತ ನಾನು ಸಂಸಾರ ನಡೆಸುತ್ತಿದ್ದೆ.

ನನ್ನ ಹೆಸರು ಹರಿಕೃಷ್ಣ. ಸಿಪ್‌ಕಾಟ್ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಮೆಂಟೆನೆನ್ಸ್ ಸೂಪರ್‌ವೈಸರ್. ಗಾಡಿಗಳ ಬಿಡಿಭಾಗ ಮಾಡುತ್ತೇವೆ. ನಮ್ಮ ಶೆಡ್ಡಿನಲ್ಲಿ ಎರಡು ದೊಡ್ಡ ಮೆಷಿನ್ನುಗಳಿವೆ, ಒಂದು ಫ್ರಾನ್ಸಿನದು, ಒಂದು ಸ್ಪೇನಿನದು. ಅವನ್ನು ಜೋಡಿಸಿ ನಿಲ್ಲಿಸಲು ಆ ದೇಶಗಳಿಂದ ಒಬ್ಬೊಬ್ಬ ಎಂಜಿನಿಯರ್ ಬಂದು ಕೆಲವು ತಿಂಗಳು ನಮ್ಮ ಜೊತೆಗಿದ್ದರು. ಅವರು ಹೋದರು. ಮೆಷಿನ್ನುಗಳು ಉಳಿದವು. ಮೆಷಿನ್ನುಗಳ ಜೊತೆ ಅವರ ಮಾತುಗಳೂ ಉಳಿದುಕೊಂಡವು.

ಮೊದಲು ಹಿಡಿದುಕೊಂಡವನು ಆಪರೇಟರ್ ದಾಸಪ್ಪ. ಸ್ಪೇನಿನವನು ಯಾವ ಕೆಲಸ ಹೇಳಿದರೂ 'ಮಾನ್ಯಾನಾ' ಎನ್ನುತ್ತಿದ್ದ. ಹಾಗೆಂದರೆ ನಾಳೆ ಎಂದರ್ಥ. ಆದರೆ ಅವನ ನಾಳೆ ಬರುತ್ತಿರಲಿಲ್ಲವಾದ್ದರಿಂದ, ನಮ್ಮ ಶೆಡ್ಡಿನಲ್ಲಿ ಅದಕ್ಕೆ ಇನ್ನು ಆ ಕೆಲಸದ ಆಸೆ ಬಿಡಿ ಎಂಬ ಅರ್ಥ ಬಂತು. "ಆ ಮೋಟ್ರು ಮಾನ್ಯಾನಾ ಆಗೋಯ್ತು ಕಣ್ಲಾ" ಎಂದು ದಾಸಪ್ಪ ಹೇಳಿದರೆ, ಮೋಟಾರನ್ನು ಗುಜರಿಗೆ ಸಾಗಿಸಬಹುದು. ಫ್ರಾನ್ಸಿನವನು ಪ್ರತಿ ಮಾತಿಗೂ 'ಸಿಲ್ ವು ಪ್ಲೆ' ಹಚ್ಚುತ್ತಿದ್ದ, ಅದು ಅವರ ದಯವಿಟ್ಟು. ನಮ್ಮಲ್ಲಿ ದಯವಿಟ್ಟು ಎಂದು ಬರುವವನು ರಜೆ ಕೇಳಲು ಬಂದಿರುತ್ತಾನೆ. ಹಾಗಾಗಿ ಮ್ಯಾನೇಜರ ಕೊಠಡಿಯ ಮುಂದೆ ಯಾರಾದರೂ ಕೈ ಹಿಸುಕುತ್ತ ನಿಂತಿದ್ದರೆ, ಅವನು ಸಿಲ್ವುಪ್ಲೆ ಹೊಡೀತಾವ್ನೆ ಎನ್ನುವುದು ರೂಢಿಯಾಯಿತು. ಕ್ಯಾಂಟೀನಿನಲ್ಲಿ ಸಾಂಬಾರು ಸಾಕು ಎನ್ನುವುದಕ್ಕೆ 'ಬಾಸ್ತಾ'. ಡಬ್ಬಿಯಲ್ಲಿ ಏನೂ ಉಳಿದಿಲ್ಲ ಎನ್ನುವುದಕ್ಕೆ 'ನಾದಾ'. ಸಂಬಳ ಏರಿಸುವ ಕಾಗದ ಬಂದ ದಿನ ಇಡೀ ಶೆಡ್ಡು ಒಟ್ಟಿಗೆ 'ಸೆಲಾವಿ' ಎಂದು ಉಸಿರು ಬಿಡುತ್ತದೆ. ಬದುಕು ಇಷ್ಟೇ ಎಂದು ಅದರ ಅರ್ಥ, ನಮ್ಮ ಶೆಡ್ಡಿನಲ್ಲಿ ಆ ಅರ್ಥವನ್ನು ಯಾರೂ ಬದಲಾಯಿಸಬೇಕಾಗಲಿಲ್ಲ.

ಎಲ್ಲಕ್ಕಿಂತ ನನಗೆ ಮೆಚ್ಚಿಗೆಯಾದ ಮಾತು 'ಸಿಯೆಸ್ತಾ'. ಮಧ್ಯಾಹ್ನ ಉಂಡ ಮೇಲೆ ಮಲಗುವುದಕ್ಕೆ ಸ್ಪೇನಿನಲ್ಲಿ ಹೀಗೊಂದು ಘನವಾದ ಹೆಸರಿದೆಯಂತೆ. ನಮ್ಮ ಮನೆಯಲ್ಲಿ ಅದೇ ಕೆಲಸಕ್ಕೆ ಸೋಮಾರಿತನ ಎನ್ನುತ್ತಿದ್ದರು.

ಒಂದು ಸಂಜೆ ಶಿಫ್ಟು ಮುಗಿಸಿ ಕಂಪನಿ ಬಸ್ಸಿನಲ್ಲಿ ಬರುತ್ತಿರುವಾಗ ನನಗೆ ಜ್ಞಾನೋದಯವಾಯಿತು. ಹೊಸೂರಿನಲ್ಲಿ ಯಾರಿಗೂ ತಿಳಿಯದ ಭಾಷೆ ನನ್ನ ಬಾಯಲ್ಲೇ ಇದೆ, ನಾನು ಅದನ್ನು ಕ್ಯಾಂಟೀನಿನ ಸಾಂಬಾರಿಗೆ ವ್ಯರ್ಥ ಮಾಡುತ್ತಿದ್ದೇನೆ. ಮನೆಗೆ ಬಂದವನೇ ಸುಗುಣಾಳನ್ನು ಕೂರಿಸಿಕೊಂಡು ಪಾಠ ಶುರು ಮಾಡಿದೆ. ಬಂದವರು ಏನೋ ಕೇಳುವ ಸೂಚನೆ ಕಂಡರೆ ಸಿಲ್ವುಪ್ಲೆ, ಅಂದರೆ ಎಚ್ಚರ. ಇನ್ನು ಬಡಿಸಬೇಡ ಎನ್ನುವುದಕ್ಕೆ ಬಾಸ್ತಾ. ಮನೆಯಲ್ಲಿ ಇದ್ದರೂ ಇಲ್ಲ ಎನ್ನು ಎಂಬುದಕ್ಕೆ ನಾದಾ. ಆಮೇಲೆ ನೋಡೋಣ ಎಂದು ಸಾಗಹಾಕು ಎನ್ನುವುದಕ್ಕೆ ಮಾನ್ಯಾನಾ. ಪ್ಲಸ್ ಟೂ ಓದುತ್ತಿದ್ದ ಮಗಳು ಕಲ್ಪನಾ ಫೋನಿನಿಂದ ತಲೆ ಎತ್ತದೆ, ಅಪ್ಪ ನಿಮ್ಮ ಉಚ್ಚಾರ ಸರಿಯಿಲ್ಲ ಎಂದಳು. ಶೆಡ್ಡಿನಲ್ಲಿ ಎಲ್ಲರೂ ಹೀಗೇ ಅನ್ನೋದು ಎಂದು ಅವಳ ಬಾಯಿ ಮುಚ್ಚಿಸಿದೆ.

ಫಲ ಕೈಮೇಲೆ ಸಿಕ್ಕಿತು. ಎದುರುಮನೆಯ ರಮಾದೇವಿ ನಮ್ಮ ಮಿಕ್ಸಿ ಜಾರು ಕೇಳಲು ಬಂದರು. (ಹಿಂದಿನ ಸಲ ಒಯ್ದ ಜಾರು ಮುಚ್ಚಳವಿಲ್ಲದೆ ವಾಪಸಾಗಿತ್ತು.) ನಾನು ಪೇಪರಿನಿಂದ ತಲೆ ಎತ್ತದೆ ನಾದಾ ಎಂದೆ. ಸುಗುಣಾ ಅಷ್ಟೇ ಗಂಭೀರವಾಗಿ, ಜಾರು ರಿಪೇರಿಗೆ ಕೊಟ್ಟಿದ್ದೀವಲ್ಲ ರಮಾ ಎಂದಳು. ರಮಾದೇವಿ ಹೋದ ಮೇಲೆ ನಾವಿಬ್ಬರೂ ನಕ್ಕ ನಗು ಮದುವೆಯಾದ ಹೊಸತರಲ್ಲಿಯೂ ನಕ್ಕಿರಲಿಲ್ಲ. ಅವತ್ತು ನನಗೆ ಕೇಳದೆಯೇ ಎರಡನೇ ಕಾಫಿ ಬಂತು. ನಾನು ಹೆಂಡತಿಗೆ ಒಂದು ಸೀರೆ ತಂದು ಕೊಟ್ಟಾಗಲೂ ಇಷ್ಟು ಬೆಲೆ ಬಂದಿರಲಿಲ್ಲ ಎಂದು ಮನಸ್ಸಿಗೆ ಬಹಳ ಸಂತೋಷವಾಯಿತು.

ಈಗ ಮಾಳಿಗೆಯ ರೂಮಿನ ವಿಷಯ ಹೇಳಬೇಕು. ಅವಲಪಲ್ಲಿಯ ನಮ್ಮ ಮನೆಯ ಮೇಲೆ ನಾನು ಒಂದೇ ಒಂದು ರೂಮು ಕಟ್ಟಿಸಿದ್ದೆ. ಬಾಡಿಗೆಗೆ ಕೊಡಲು ಎಂದು ಎಲ್ಲರಿಗೂ ಹೇಳಿದೆ, ಕಟ್ಟಿ ಮುಗಿದ ಮೇಲೆ ಯಾರಿಗೂ ಕೊಡಲಿಲ್ಲ. ಅಲ್ಲಿ ಒಂದು ಮಂಚ, ಒಂದು ಒರಗುವ ಕುರ್ಚಿ, ಜೋರಾಗಿ ತಿರುಗುವ ಫ್ಯಾನು. ವಾರದ ರಜೆಯ ದಿನ ಉಂಡು ಮೇಲೆ ಹೋದರೆ, ಬಿಸಿಲು ಇಳಿಯುವವರೆಗೆ ನಾನು ಯಾರ ಗಂಡನೂ ಅಲ್ಲ, ಯಾರ ಸೂಪರ್‌ವೈಸರೂ ಅಲ್ಲ. ನನ್ನ ಜೀವಮಾನದಲ್ಲಿ ನನಗೇ ಎಂದು ನಾನು ಮಾಡಿಕೊಂಡದ್ದು ಆ ರೂಮು ಒಂದೇ. ನಮ್ಮ ಗುಟ್ಟಿನ ಭಾಷೆಯಲ್ಲಿ ಅದರ ಹೆಸರೇ ಸಿಯೆಸ್ತಾ ಎಂದಾಯಿತು.

ಆ ರೂಮಿನ ಮೇಲೆ ಕಣ್ಣಿಟ್ಟು ರಾಯಕೋಟೆಯಿಂದ ಗೋಪಾಲಪ್ಪ ಬಂದರು.

ಗೋಪಾಲಪ್ಪ ಸುಗುಣಾಳ ಸೋದರಮಾವ. ಬರಿಯ ಮಾವ ಅಲ್ಲ, ನಮ್ಮ ಮದುವೆಯಲ್ಲಿ ಅವಳನ್ನು ಎತ್ತಿಕೊಂಡು ಮಂಟಪಕ್ಕೆ ತಂದವರು. ನಮ್ಮ ಕಡೆ ಹೆಣ್ಣನ್ನು ಮಂಟಪಕ್ಕೆ ಹೊತ್ತು ತಂದ ಸೋದರಮಾವ ಏನು ಕೇಳಿದರೂ ಆ ಹೆಣ್ಣಿನ ಗಂಡ ಇಲ್ಲ ಎನ್ನುವಂತಿಲ್ಲ. ಕೇಳದೆ ಇರುವುದು ಮಾವಂದಿರ ದೊಡ್ಡತನ, ಅಷ್ಟೇ. ಗೋಪಾಲಪ್ಪ ಇಷ್ಟು ವರ್ಷ ಆ ದೊಡ್ಡತನವನ್ನು ಕಾಪಾಡಿಕೊಂಡು ಬಂದಿದ್ದರು. ಈ ಸಲ ಹೆಂಡತಿ ಮುನಿಗಂಗಮ್ಮನನ್ನೂ ಕರೆದುಕೊಂಡು, ಒಂದು ಕುಕ್ಕೆ ಟೊಮ್ಯಾಟೊ, ಒಂದು ಚೀಲ ಅವರೆಕಾಯಿ ಹೊತ್ತು ಬಂದಾಗಲೇ ನನಗೆ ವಾಸನೆ ಹೊಡೆಯಿತು.

ಸಂಜೆ ಊಟಕ್ಕೆ ಕೂತಾಗ ವಿಷಯ ಹೊರಬಂತು. ಟೊಮ್ಯಾಟೊ ಬಿಟ್ಟು ಗೋಪಾಲಪ್ಪ ಈ ವರ್ಷ ಸೇವಂತಿಗೆ ಹಾಕಿದ್ದರು. ಹೂವು ಸೊಗಸಾಗಿ ಬಂದಿತ್ತು. ಊರಿಗೇ ಬಂದು ಕೊಳ್ಳುವ ದಲ್ಲಾಳಿ ಕೇಳಿದ್ದೇ ರೇಟು, ತೂಗಿದ್ದೇ ತೂಕ. ತಾವೇ ಹೊಸೂರಿನ ಹೂವಿನ ಮಾರುಕಟ್ಟೆಗೆ ತರೋಣವೆಂದರೆ, ಅಲ್ಲಿ ವ್ಯಾಪಾರ ನಡೆಯುವುದು ಬೆಳಕು ಹರಿಯುವ ಮುಂಚೆ. ರಾಯಕೋಟೆಯ ಬಸ್ಸು ಬಂದು ಸೇರುವಷ್ಟರಲ್ಲಿ ಮಾರುಕಟ್ಟೆಯಲ್ಲಿ ಕಸ ಗುಡಿಸುತ್ತಿರುತ್ತಾರೆ. ಹಿಂದಿನ ಸಂಜೆಯೇ ಹೂವಿನ ಸಮೇತ ಬಂದು ಉಳಿಯಲು ಒಂದು ಜಾಗ ಬೇಕು. ಹೀಗೆಲ್ಲ ಹೇಳಿ ಅವರು ಮುದ್ದೆ ಮುರಿಯುತ್ತ, "ಮೇಲೆ ರೂಮು ಖಾಲಿ ಅದಂತಲ್ಲ ಅಳಿಯಂದ್ರೆ" ಎಂದು ನಿಲ್ಲಿಸಿದರು.

ನಾನು ಅವರೆಕಾಳಿನ ಸಾರನ್ನು ಹೊಗಳುವ ಹಾಗೆ ಸುಗುಣಾಳ ಕಡೆ ನೋಡಿ, ಸಿಲ್ವುಪ್ಲೆ, ಸಿಯೆಸ್ತಾ ನಾದಾ, ಮಾನ್ಯಾನಾ ಎಂದೆ. ಸುಗುಣಾ ಸಾರಿನಲ್ಲಿ ಸೌಟು ತಿರುಗಿಸುತ್ತ ನಿಂತಳು. ಪಾಠ ಮರೆತಳೇನೋ ಎಂದು ಇನ್ನೊಮ್ಮೆ ಹೇಳಿದೆ. ಆಮೇಲೆ ಅವಳು ಸೌಟಿನ ಕಡೆಯೇ ನೋಡುತ್ತ, ಮೇಲಿನ ರೂಮು ಸದ್ಯಕ್ಕೆ ಸರಿಯಿಲ್ಲ ಮಾವ ಎಂದಳು. ಏನಾಗಿದೆ ಎಂದು ಗೋಪಾಲಪ್ಪ ಕೇಳಿದರು. ಅವಳು ನನ್ನ ಕಡೆ ನೋಡಿದಳು. ನಾನು ಮೆಂಟೆನೆನ್ಸಿನವನು, ನನಗೆ ಕೆಟ್ಟುಹೋಗುವ ಸಂಗತಿಗಳು ಬೇಗ ಹೊಳೆಯುತ್ತವೆ. ಗೋಡೆಗೆ ಕರೆಂಟು ಹೊಡೆಯುತ್ತದೆ, ಒಳಗಿನ ವೈರು ಎಲ್ಲೋ ಕಿತ್ತಿದೆ, ಮುಟ್ಟಿದರೆ ಜೀವಕ್ಕೇ ಅಪಾಯ ಎಂದುಬಿಟ್ಟೆ.

ಗೋಪಾಲಪ್ಪ ತಲೆಯಾಡಿಸಿದರು. ಮುನಿಗಂಗಮ್ಮ ನನ್ನ ಮುಖವನ್ನೂ ಸುಗುಣಾಳ ಮುಖವನ್ನೂ ಒಂದಾದ ಮೇಲೊಂದು ನೋಡಿದರು. ಸುಗುಣಾ ಅವರಿಗೆ ಇನ್ನೊಂದು ಮುದ್ದೆ ಹಾಕಲು ಹೋದಾಗ ನಾನು ಅಭ್ಯಾಸಬಲದಿಂದ ಬಾಸ್ತಾ ಎಂದೆ, ಅವಳ ಕೈ ಅಭ್ಯಾಸಬಲದಿಂದ ನಿಂತಿತು. ಮುನಿಗಂಗಮ್ಮ ಅದನ್ನೂ ನೋಡಿದರು. ರಿಪೇರಿ ಯಾವಾಗ ಎಂದು ಗೋಪಾಲಪ್ಪ ಕೇಳಿದ್ದಕ್ಕೆ, ಕರೆಂಟಿನವರು ಬರಬೇಕು, ನಾಳೆಯೋ ನಾಡಿದ್ದೋ ಎಂದೆ. ಅವರು, ಹಂಗಾದ್ರೆ ಎರಡು ದಿನ ಇದ್ದೇ ಹೋಗ್ತೀವಿ, ರಿಪೇರಿನೂ ನೋಡಿದಂಗಾಯ್ತದೆ ಎಂದರು. ಇದು ನನ್ನ ಲೆಕ್ಕದಲ್ಲಿ ಇರಲಿಲ್ಲ.

ಮಾರನೆಯ ದಿನ ನನ್ನ ವಾರದ ರಜೆ. ಸುಳ್ಳಿನ ಇನ್ನೊಂದು ತುದಿ ನನ್ನ ಕಾಲಿಗೇ ಸುತ್ತಿಕೊಂಡಿದ್ದು ಆಗ ಗೊತ್ತಾಯಿತು. ಜೀವಕ್ಕೇ ಅಪಾಯವಿರುವ ರೂಮಿಗೆ ನಾನು ಹೋಗಿ ಮಲಗುವುದು ಹೇಗೆ? ಬೆಳಗಿನಿಂದ ನಡುಮನೆಯಲ್ಲಿ ಕೂತೆ. ಗೋಪಾಲಪ್ಪ ನನಗೆ ಸೇವಂತಿಗೆಗೆ ಬರುವ ರೋಗಗಳನ್ನೆಲ್ಲ ಬಿಡಿಸಿ ಹೇಳಿದರು. ಬೇರಿನಿಂದ ಶುರು ಮಾಡಿ ಎಲೆಗೆ ಬರುವ ಹೊತ್ತಿಗೆ ಊಟದ ಹೊತ್ತಾಯಿತು. ಊಟವೋ, ಅವರು ತಂದ ಅವರೆಕಾಯಿಯ ಹುಳಿ. ಮೇಲೆ ಮಜ್ಜಿಗೆ. ಉಂಡು ಎದ್ದಾಗ ನನ್ನ ರೆಪ್ಪೆಗಳು ತಾವಾಗಿಯೇ ಮುಚ್ಚಿಕೊಳ್ಳುತ್ತಿದ್ದವು. ಎದುರಿಗೆ ಗೋಪಾಲಪ್ಪ ಮೊಗ್ಗಿನ ರೋಗಗಳಿಗೆ ಬಂದಿದ್ದರು.

ನಾನು ಮನುಷ್ಯ. ಗೋಪಾಲಪ್ಪ ಬೀಡಿ ಸೇದಲು ಅಂಗಳಕ್ಕೆ ಹೋದ ಸಮಯ ನೋಡಿ, ಚಪ್ಪಲಿ ಕೈಯಲ್ಲಿ ಹಿಡಿದು ಮೆಟ್ಟಿಲು ಹತ್ತಿದೆ. ಐದೇ ನಿಮಿಷ ಎಂದು ಮಂಚದ ಮೇಲೆ ಒರಗಿದೆ. ಫ್ಯಾನು ಹಾಕದೆ ಮಲಗುವುದು ನನ್ನಿಂದ ಆಗದು, ಹಾಕಿದೆ. ಆಮೇಲಿನದು ನನಗೆ ನೆನಪಿಲ್ಲ.

ಎಚ್ಚರವಾದಾಗ ಬಾಗಿಲಲ್ಲಿ ಮುನಿಗಂಗಮ್ಮ ನಿಂತಿದ್ದರು. ಕೈಯಲ್ಲಿ ಒಗೆದ ಬಟ್ಟೆ, ಮಾಳಿಗೆಯ ಮೇಲೆ ಹರವಲು ಬಂದವರು. ಒಳಗೆ ಬಂದು, ನಿಧಾನವಾಗಿ ಅಂಗೈಯನ್ನು ಗೋಡೆಗೆ ಇಟ್ಟರು. ಎದುರಿನ ಗೋಡೆಗೂ ಇಟ್ಟರು. ಸ್ವಿಚ್ಚಿನ ಪಕ್ಕದಲ್ಲಿ ಸ್ವಲ್ಪ ಹೊತ್ತು ಹೆಚ್ಚಾಗಿಯೇ ಇಟ್ಟುಕೊಂಡು ನಿಂತರು. ಆಮೇಲೆ ಬಟ್ಟೆ ಎತ್ತಿಕೊಂಡು ಹೊರಗೆ ಹೋದರು. ನಾನು ಕರೆಂಟು ಹೊಡೆಸಿಕೊಂಡವನ ಹಾಗೆ ಕೂತಿದ್ದೆ.

ಕೆಳಗಿಳಿಯಲು ಧೈರ್ಯ ಸಾಲದೆ ಸಂಜೆಯವರೆಗೆ ಮೇಲೆಯೇ ಇದ್ದೆ. (ನಿದ್ದೆ ಬರಲಿಲ್ಲ. ಆ ರೂಮಿನಲ್ಲಿ ನಿದ್ದೆ ಬಾರದ್ದು ಅದೇ ಮೊದಲು.) ಕಾಫಿಯ ಹೊತ್ತಿಗೆ ಇಳಿದಾಗ ಎಲ್ಲರೂ ನಡುಮನೆಯಲ್ಲಿ ಕೂತಿದ್ದರು. ಯಾರ ಮುಖದಲ್ಲಿಯೂ ಸಿಟ್ಟಿರಲಿಲ್ಲ, ಅದರಿಂದಲೇ ನನಗೆ ಹೆಚ್ಚು ಹೆದರಿಕೆಯಾಯಿತು. ಮುನಿಗಂಗಮ್ಮ ಲೋಟ ಕೆಳಗಿಟ್ಟು ಕೇಳಿದರು.

"ಸಿಯೆಸ್ತಾ ಆಯ್ತಾ ಅಳಿಯಂದ್ರೆ?"

ಉಚ್ಚಾರ ನನ್ನದಕ್ಕಿಂತ ಚೆನ್ನಾಗಿತ್ತು. ನಾನು ಸುಗುಣಾಳನ್ನು ನೋಡಿದೆ, ಅವಳು ನೆಲ ನೋಡುತ್ತಿದ್ದಳು. ಕಲ್ಪನಾ ಫೋನಿನ ಹಿಂದೆ ನಗುತ್ತಿದ್ದಳು. ಇವರಿಗೆ ಯಾರು ಕಲಿಸಿದ್ದು ಎಂದು ನಾನು ಸುಗುಣಾಳನ್ನು ಕೇಳಿದರೆ, ಉತ್ತರ ಮುನಿಗಂಗಮ್ಮನೇ ಕೊಟ್ಟರು.

"ಯಾರೂ ಕಲಿಸ್ನಿಲ್ಲ. ನೀವು ಬಾಸ್ತಾ ಅಂದ್ರೆ ಸೌಟು ನಿಂತೋಯ್ತದೆ. ಸಿಯೆಸ್ತಾ ಅಂದಾಗೆಲ್ಲ ನಿಮ್ ಕಣ್ಣು ಮೇಲಕ್ಕೋಯ್ತದೆ. ತಮಿಳು, ತೆಲುಗು ನಮ್ಗೆ ಯಾರು ಕಲಿಸಿದ್ರು? ಹಿಂಗೇ ಕಲ್ತಿದ್ದು."

ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ಮೂರು ಭಾಷೆಯನ್ನು ಬೇಲಿಯಾಚೆ ನಿಂತು, ಸಂತೆಯಲ್ಲಿ ಚೌಕಾಸಿ ಮಾಡಿ, ಪಕ್ಕದ ಮನೆಯ ಜಗಳ ಕೇಳಿ ಕಲಿತ ಜನರ ನಡುವೆ, ನಾಲ್ಕನೆಯದು ಎಷ್ಟು ದಿನ ಗುಟ್ಟಾಗಿ ಇದ್ದೀತು? ತುಳುವಿನವರ ಮನೆಯಲ್ಲಿ ನಡೆದದ್ದು ನಮ್ಮ ಮನೆಯಲ್ಲಿ ನಡೆಯುತ್ತದೆ ಎಂದು ನಂಬಿದ್ದೇ ನನ್ನ ತಪ್ಪು. ಆ ದಿನ ಕಾಫಿ ಕುಡಿದು ಎದ್ದುಬಂದ ನೆಂಟರು ನಾವೇ, ಹೊಸೂರಿನವರು. ಇನ್ನೆರಡು ಸಲ ಹೋಗಿದ್ದರೆ ನಮಗೂ ತುಳು ಬರುತ್ತಿತ್ತು.

ಗೋಪಾಲಪ್ಪ ಟವೆಲು ಹೆಗಲಿಗೆ ಹಾಕಿಕೊಂಡು ಎದ್ದರು. ಕಷ್ಟವಾದ್ರೆ ಬ್ಯಾಡ ಬಿಡಿ ಅಳಿಯಂದ್ರೆ, ಹೂವು ಊರಲ್ಲೇ ದಲ್ಲಾಳಿಗೆ ಹಾಕ್ಬುಟ್ರಾಯ್ತು ಎಂದರು. ಅದರಲ್ಲಿ ಕೊಂಕು ಇದ್ದಿದ್ದರೆ ನಾನು ಎದುರು ಮಾತಾಡಬಹುದಿತ್ತು, ಇರಲಿಲ್ಲ. ಕಡೆಯ ಬಸ್ಸು ಸಿಕ್ಕುತ್ತದೆಯೇ ಎಂದು ಹೆಂಡತಿಯನ್ನು ಕೇಳಿದರು.

ಆಗ ಸುಗುಣಾ ಬಾಯಿ ಬಿಟ್ಟಳು. ಅವಳು ಜಗಳವಾಡುವಾಗ ನನಗೆ ಅಷ್ಟು ಭಯವಾಗುವುದಿಲ್ಲ, ದನಿ ತಗ್ಗಿಸಿದಾಗ ಆಗುತ್ತದೆ.

"ಬಾಸ್ತಾ, ನಾದಾ, ಮಾನ್ಯಾನಾ. ಇಲ್ಲ ಅನ್ನಕ್ಕೆ ಎಷ್ಟೊಂದು ಮಾತು ತಂದ್ರಿ. ಬನ್ನಿ, ಕೂತ್ಕಳಿ ಅನ್ನಕ್ಕೆ ಒಂದು ಮಾತೂ ತರ್ಲಿಲ್ವಲ್ಲ. ನಂಗೆ ನಾಚ್ಕೆ ಆಯ್ತದೆ."

ಅವಳು ನನಗೆ ಹೇಳಿದ್ದು ಅಷ್ಟೇ. ಮಿಕ್ಕದ್ದನ್ನು ಮಾವನಿಗೆ ಹೇಳಿದಳು. ಅಪ್ಪ ತೀರಿಕೊಂಡ ವರ್ಷ ಸ್ಕೂಲು ಬಿಡಿಸಬೇಡಿ ಎಂದು ಊರಿಂದ ಬಂದು ನಿಂತವರು ಅವರೇ ಎಂದಳು, ಮಂಟಪಕ್ಕೆ ಎತ್ತಿಕೊಂಡು ಹೋದಾಗ ನಿಮ್ಮ ಸೊಂಟ ಹಿಡಿದುಕೊಂಡಿದ್ದು ನನಗೆ ಗೊತ್ತಿಲ್ಲ ಅಂದುಕೊಂಡಿದ್ದೀರಾ ಮಾವ ಎಂದಳು. ಹೇಳುತ್ತ ಹೇಳುತ್ತ ಅತ್ತಳು. ಗೋಪಾಲಪ್ಪ, ಏನೂ ತೂಕ ಇರ್ನಿಲ್ಲ ಕಣಮ್ಮಿ, ಕಡ್ಡಿ ಹಂಗಿದ್ದೆ ಎಂದು ಟವೆಲಿನಿಂದ ಮುಖ ಒರೆಸಿಕೊಂಡರು. ನಿಜವಾಗಿ ಹೇಳುತ್ತೇನೆ, ಆ ಕ್ಷಣ ರೂಮಿನ ಆಸೆ ನನಗೆ ಇರಲಿಲ್ಲ. ಅದು ಮತ್ತೆ ಬಂದದ್ದು ಮಾರನೆಯ ವಾರ.

ಸುಗುಣಾ ಗೋಡೆಯ ಮೊಳೆಯಿಂದ ಮೇಲಿನ ಬೀಗದ ಕೈ ತೆಗೆದು ಮುನಿಗಂಗಮ್ಮನ ಕೈಯಲ್ಲಿ ಇಟ್ಟಳು. ಇಡುವಾಗ ಏನೋ ಒಂದು ಮಾತು ಹೇಳಿದಳು, 'ಬಿಯೆನ್ವೆನಿದೋಸ್' ಎಂದೋ ಏನೋ. ಉದ್ದವಾದ ಮಾತು, ನಾನು ಕಲಿಸಿದ್ದಲ್ಲ. ಬನ್ನಿ ಎನ್ನುವುದಕ್ಕೆ ಮಗಳು ಫೋನಿನಲ್ಲಿ ಹುಡುಕಿ ಕೊಟ್ಟದ್ದಂತೆ. ಮುನಿಗಂಗಮ್ಮ ಅದಕ್ಕೆ ಸರಿಯಾದ ಉತ್ತರವನ್ನೇ ಕೊಟ್ಟಂತೆ ಕಂಡಿತು. ಮರುದಿನ ಶೆಡ್ಡಿನಲ್ಲಿ ದಾಸಪ್ಪನನ್ನು ಕೇಳಿದೆ. ಅವನು ಬಹಳ ಹೊತ್ತು ಯೋಚಿಸಿ, ಅಂಥಾ ಮಾತು ನಮ್ ಮಿಷಿನ್ ಜತೆ ಬರ್ನಿಲ್ಲ ಸಾರ್ ಎಂದ.

ಅಲ್ಲಿಂದ ಹೂವು ಬಿಡಿಸಿದ ದಿನವೆಲ್ಲ ಸಂಜೆಯ ಬಸ್ಸಿಗೆ ಗೋಪಾಲಪ್ಪ ದಂಪತಿಗಳು ಬರತೊಡಗಿದರು. ನನ್ನ ಮಂಚದ ಮೇಲೆ ಅವರು, ನನ್ನ ಒರಗುವ ಕುರ್ಚಿಯ ಮೇಲೆ ಒದ್ದೆ ಗೋಣಿ ಹೊದಿಸಿದ ಸೇವಂತಿಗೆ ಕುಕ್ಕೆ, ಇಬ್ಬರಿಗೂ ನನ್ನ ಫ್ಯಾನು. ದಲ್ಲಾಳಿಯನ್ನು ಬಿಟ್ಟ ಮೇಲೆ ಗೋಪಾಲಪ್ಪನ ಮುಖ ಕಳೆಗಟ್ಟಿತು. ನಾನು ರಜೆಯ ದಿನ ನಡುಮನೆಯಲ್ಲಿ ಚಾಪೆ ಹಾಸಿ ಮಲಗುತ್ತೇನೆ, ಜನ ನನ್ನನ್ನು ದಾಟಿಕೊಂಡು ಓಡಾಡುತ್ತಾರೆ. ಸ್ಪೇನಿನವನು ಇದನ್ನು ನೋಡಿದರೆ ಸಿಯೆಸ್ತಾ ಎಂದು ಒಪ್ಪುವುದಿಲ್ಲ.

ಅದನ್ನೂ ಸಹಿಸಬಹುದಿತ್ತು. ಸಹಿಸಲಾಗದ್ದು ಭಾಷೆ. ಅದು ನನ್ನ ಕೈ ಮೀರಿ ಬೆಳೆಯತೊಡಗಿತು. ಕಲ್ಪನಾ ದಿನಕ್ಕೆ ನಾಲ್ಕಾರು ಮಾತು ಹುಡುಕಿ ತರುತ್ತಾಳೆ, ಮುನಿಗಂಗಮ್ಮ ಅವುಗಳಿಗೆ ಕನ್ನಡದ ಬಾಲ, ತೆಲುಗಿನ ಕಾಲು ಜೋಡಿಸಿ ನಡೆಸುತ್ತಾರೆ, ಸುಗುಣಾ ಅದರಲ್ಲಿ ಹಾಡೂ ಕಟ್ಟುವಂತಾದಳು. ಗೋಪಾಲಪ್ಪ ಮಾರುಕಟ್ಟೆಯಲ್ಲಿ ಗಿರಾಕಿಗಳಿಗೆ ಹೇಳಿ ಅಲ್ಲಿಯೂ ಕೆಲವು ಮಾತು ಚಲಾವಣೆಗೆ ತಂದರಂತೆ. ನಮ್ಮ ಮಿಕ್ಸಿ ಜಾರು ಕೇಳಲು ಬಂದ ರಮಾದೇವಿ ಬಾಗಿಲಲ್ಲಿ ನಿಂತು 'ಸಿಲ್ವುಪ್ಲೆ' ಎಂದರು, ಸುಗುಣಾ ನಗುತ್ತ ಹೊಸ ಜಾರನ್ನೇ ತೆಗೆದುಕೊಟ್ಟಳು. ನನ್ನ ಮನೆಯ ನಡುಮನೆಯಲ್ಲಿ ಕೂತು ನಾನು ನಾಲ್ಕು ಜನರ ಮಾತು ಕೇಳುತ್ತೇನೆ, ನಡುನಡುವೆ 'ಅಪ್ಪ', 'ಇವರು', 'ಅಳಿಯಂದ್ರು' ಎಂಬುದು ಮಾತ್ರ ತಿಳಿಯುತ್ತದೆ, ಆಮೇಲೆ ಎಲ್ಲರೂ ನಗುತ್ತಾರೆ. ಏನು ವಿಷಯ ಎಂದು ಕೇಳಬಹುದು. ಆದರೆ ಆ ಭಾಷೆಯನ್ನು ಈ ಮನೆಗೆ ತಂದವನು ನಾನು. ನಾನೇ ಅರ್ಥ ಕೇಳಿದರೆ ಏನು ಮರ್ಯಾದೆ? ಗೊತ್ತಿದ್ದವನ ಹಾಗೆ ಎಲ್ಲರಿಗಿಂತ ಒಂದು ಚೂರು ತಡವಾಗಿ ನಾನೂ ನಗುತ್ತೇನೆ.

ಒಂದು ಸಂಜೆ ಕುಕ್ಕೆಗಳು ಎಂದಿಗಿಂತ ಹೆಚ್ಚಾಗಿಯೇ ಬಂದಿದ್ದವು. ಅವರೆಲ್ಲ ಸೇರಿ ಏನೋ ಗಹನವಾಗಿ ಚರ್ಚಿಸಿದರು. ಆಮೇಲೆ ಸುಗುಣಾ ನನ್ನ ಹತ್ತಿರ ಬಂದು, ಬಹಳ ದಿನಗಳ ಮೇಲೆ ಪ್ರೀತಿಯಿಂದ ನೋಡಿ, ಒಂದು ಉದ್ದ ವಾಕ್ಯ ಹೇಳಿದಳು. ನನ್ನ ಕಿವಿಗೆ ಬಿದ್ದದ್ದು ಇಷ್ಟು: "ಮಾದ್ರುಗಾದಾಗೆ ಫ್ಲೋರೆಸ್ ನೀವೇ, ತೂಜೂರ್. ದಕಾರ್?"

ಅದರಲ್ಲಿ ನನಗೆ ತಿಳಿದದ್ದು 'ನೀವೇ' ಒಂದೇ. ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು. ಮುನಿಗಂಗಮ್ಮ ಅಂತೂ ಗೋಡೆಗೆ ಅಂಗೈ ಇಟ್ಟ ದಿನ ನೋಡಿದ ಹಾಗೆಯೇ ನೋಡುತ್ತಿದ್ದರು. ಪ್ರಶ್ನೆಯ ಕೊನೆಯ ಮಾತನ್ನು ತಿರುಗಿಸಿ ಹೇಳಿದರೆ ಸಾಮಾನ್ಯವಾಗಿ ಯಾವ ಭಾಷೆಯಲ್ಲಿಯೂ ಮೋಸವಾಗುವುದಿಲ್ಲ ಎಂಬ ಅನುಭವದಿಂದ, ತಲೆಯಾಡಿಸಿ ದಕಾರ್ ಎಂದೆ. ಸುಗುಣಾಳ ಮುಖ ಅರಳಿತು. ಗೋಪಾಲಪ್ಪ ನನ್ನ ಭುಜ ತಟ್ಟಿದರು. ನನಗೆ ಹೋಳಿಗೆ ಬಡಿಸಿದರು, ಯಾರೂ ಬಾಸ್ತಾ ಎನ್ನಲಿಲ್ಲ. ಏನೋ ದೊಡ್ಡ ಕೆಲಸ ಮಾಡಿದ ಹಾಗೆ ನೆಮ್ಮದಿಯಿಂದ ಮಲಗಿದೆ.

ಕೋಳಿ ಕೂಗುವುದಕ್ಕೂ ಮುಂಚೆ ಗೋಪಾಲಪ್ಪ ನನ್ನನ್ನು ಅಲುಗಾಡಿಸಿ ಎಬ್ಬಿಸಿದರು. ಹೊರಗೆ ನನ್ನ ಮೊಪೆಡ್ಡಿಗೆ ಮುಂದೆ ಒಂದು, ಹಿಂದೆ ಎರಡು ಕುಕ್ಕೆ ಆಗಲೇ ಹಗ್ಗ ಹಾಕಿ ಬಿಗಿದಾಗಿತ್ತು. ಮಾದ್ರುಗಾದಾ ಎಂದರೆ ನಸುಕು, ಫ್ಲೋರೆಸ್ ಎಂದರೆ ಹೂವು ಎಂದು ನನಗೆ ಯಾರೂ ಹೇಳಬೇಕಾಗಲಿಲ್ಲ, ಮುನಿಗಂಗಮ್ಮ ಕಲಿತ ಹಾಗೆಯೇ ನಾನೂ ಕಲಿತೆ. ಆಟೋದವರು ಆ ಹೊತ್ತಿನಲ್ಲಿ ಕೇಳಿದ್ದೇ ರೇಟಂತೆ, ಅಳಿಯಂದ್ರೇ ಒಪ್ಪಿಕೊಂಡರಲ್ಲ ಎಂದು ಗೋಪಾಲಪ್ಪ ಕುಕ್ಕೆಗಳ ನಡುವೆ ಇದ್ದಷ್ಟು ಜಾಗದಲ್ಲಿ ಹತ್ತಿ ಕೂತರು. ಆಲಸನತ್ತಂ ದಾಟುವಷ್ಟರಲ್ಲಿ ಸೇವಂತಿಗೆಯ ನೀರು ನನ್ನ ಷರ್ಟಿನೊಳಗೆ ಇಳಿದಿತ್ತು. ಮಾರುಕಟ್ಟೆಯಲ್ಲಿ ಕುಕ್ಕೆ ಇಳಿಸಿದೆ, ತಕ್ಕಡಿಗೆ ಎತ್ತಿ ಕೊಟ್ಟೆ, ಹೂವಿನ ದಾರದ ಉಂಡೆ ಹಿಡಿದುಕೊಂಡು ನಿಂತೆ. ಶಿಫ್ಟಿಗೆ ಹೋದವನು ಫ್ರಾನ್ಸಿನ ಮೆಷಿನ್ನಿಗೆ ಒರಗಿ ನಿದ್ದೆ ಮಾಡಿದೆ. ಹೋಗಲಿ, ಒಂದು ದಿನ ತಾನೇ, ಮಾವನ ಋಣ ತೀರಿತು ಎಂದು ಸಮಾಧಾನ ಹೇಳಿಕೊಂಡೆ.

ಮುಂದಿನ ಸಲ ಹೂವು ಬಂದ ಮರುನಸುಕಿನಲ್ಲಿ ಗೋಪಾಲಪ್ಪ ಮತ್ತೆ ನನ್ನ ಚಾಪೆಯ ಪಕ್ಕದಲ್ಲಿ ಕೂತಿದ್ದರು. ಕುಕ್ಕೆ ಬಿಗಿದಾಗಿತ್ತು. ಇವತ್ತೂ ನಾನೇನಾ ಮಾವ ಎಂದು ಕಣ್ಣುಜ್ಜುತ್ತ ಕೇಳಿದೆ. ಅವರಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ.

"ತೂಜೂರ್ ಅಂತ ಕೇಳಿದ್ಲಲ್ಲ ಸುಗುಣಾ, ನೀವು ದಕಾರ್ ಅಂದ್ರಿ. ತೂಜೂರ್ ಅಂದ್ರೆ ಯಾವಾಗ್ಲೂ ಅಂತಾನೇ ಅಲ್ವಾ ಅಳಿಯಂದ್ರೆ? ನಮಗೇನು ಗೊತ್ತು, ಭಾಷೆ ನಿಮ್ದು."

ಅಡುಗೆಮನೆಯಲ್ಲಿ ದೀಪ ಹತ್ತಿತು. ಮುನಿಗಂಗಮ್ಮ ಬಾಗಿಲಿಗೆ ಬಂದು ನನ್ನ ಉತ್ತರಕ್ಕಾಗಿ ಕಾದು ನಿಂತರು, ಅವರ ಹಿಂದೆ ಸುಗುಣಾ.

"ಯಾವಾಗ್ಲೂ ಅಂತಾನೇ ಮಾವ" ಎಂದು ಹೇಳಿ, ಹೋಗಿ ಗಾಡಿ ಸ್ಟಾರ್ಟ್ ಮಾಡಿದೆ.